ಕಾಲಿಗೆ ಬೀಳಿಸುವ ವಾರ್ಡು

ಇರಾಂಗನಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಾಳೆ. ಎದುರಿಗಿರುವವರ ಮುಖ ಸರಿಯಾಗಿ ಕಂಡರೆ ಎಲ್ಲಿ ಕನಿಕರ ಹುಟ್ಟಿ ಬೈಗುಳ ಅರ್ಧಕ್ಕೇ ನಿಂತುಬಿಡುತ್ತದೋ ಅಂತ ತೆಗೆಯುತ್ತಾಳೆ ಎಂದು ಅವಳ ಹತ್ತಿರ ಕಲಿತ ನರ್ಸುಗಳು ಆಡಿಕೊಳ್ಳುವುದುಂಟು. ಕಿರಲವೆವದ ಸರ್ಕಾರಿ ಆಸ್ಪತ್ರೆಗೆ ತರಬೇತಿ ಕೊಡಲು ಬಂದ ಮೊದಲ ಬೆಳಿಗ್ಗೆ ಹೆಗಲಿನ ಚೀಲ ಇನ್ನೂ ಕೆಳಗಿಳಿದಿರಲಿಲ್ಲ, ಕನ್ನಡಕ ಆಗಲೇ ಕೈಗೆ ಬಂದಿತ್ತು.

ಹೆಂಗಸರ ವಾರ್ಡಿನ ಬಾಗಿಲಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಅಟೆಂಡರ್ ಗುಣಪಾಲ ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದ. “ಔಷಧದ ಕೇಸು ಬಂತು! ಎಲ್ಲಿಗೆ ಹಾಕ್ಲಿ ಮಿಸ್ಸಿ?”

“ಎಲ್ಲಿಗೆ ಹಾಕ್ತಾರೆ? ಅದರ ಜಾಗಕ್ಕೆ ಹಾಕು,” ಅಂದಳು ಹಸಂತಿ, ಕತ್ತು ಕೂಡ ಎತ್ತದೆ. ವಾರ್ಡಿನ ನರ್ಸುಗಳಲ್ಲಿ ಎಲ್ಲರಿಗಿಂತ ಕಿರಿಯಳು, ನಾಲಿಗೆ ಮಾತ್ರ ಎಲ್ಲರಿಗಿಂತ ಉದ್ದ. “ಉಸಿರಿಗೆ ಒದ್ದಾಡೋ ಮುದುಕಿಗೆ ಚಾಪೆ, ಸಾಯೋಕೆ ಹೊರಟೋಳಿಗೆ ಮಂಚ. ಮಾಡಿದ್ದುಣ್ಣೋ ಮಹರಾಯ ಅಂತ ಬಿಡೋ ಹಾಗೂ ಇಲ್ಲ ನಮ್ಮ ಕರ್ಮಕ್ಕೆ.”

ಅದರ ಜಾಗ ಅಂದರೆ ಕಕ್ಕಸಿನ ಪಕ್ಕದ ಮಂಚ. ಗದ್ದೆಗೆ ಹೊಡೆಯುವ ಔಷಧ ಕುಡಿದು ಬಂದವಳಿಗೂ ಅದೇ, ಕೈ ಕುಯ್ದುಕೊಂಡು ಬಂದವಳಿಗೂ ಅದೇ. ತಳ್ಳುಗಾಡಿಯ ಮೇಲಿದ್ದವಳು ಸೆವ್ವಂದಿ ಅನ್ನುವ ಹುಡುಗಿ. ಅವಳ ತಲೆಗೂದಲು ಒಂದು ಕಡೆ ಕಿವಿಯ ಮೇಲಕ್ಕೆ, ಇನ್ನೊಂದು ಕಡೆ ಭುಜದವರೆಗೆ, ಅಲ್ಲಲ್ಲಿ ಬುರುಡೆ ಕಾಣುವಂತೆ ಅಡ್ಡಾದಿಡ್ಡಿ ಕತ್ತರಿಸಿಹೋಗಿತ್ತು. “ತಲೆ ನೋಡ್ರೇ, ಕತ್ತೆ ಮೇಯ್ದ ಹಾಗಿದೆ! ಹೊಸ ಫ್ಯಾಷನ್ನಿರಬೇಕು,” ಅಂದಳು ಹಸಂತಿ. ಎಲ್ಲರೂ ಕಿಸಕ್ಕೆಂದರು. ನಕ್ಕವರಲ್ಲಿ ಒಬ್ಬಳಾದರೂ ಈ ಕೂದಲು ಹೀಗೆ ಯಾಕಾಯಿತು ಅಂತ ಕೇಳಿದಳಾ? ಇಲ್ಲ. ನಗುವುದಕ್ಕೆ ಪುರುಸೊತ್ತಿತ್ತು, ಕೇಳುವುದಕ್ಕೆ ಇರಲಿಲ್ಲ.

ಇರಾಂಗನಿ ಕನ್ನಡಕ ಹಿಡಿದುಕೊಂಡೇ ಹುಡುಗಿಯ ಮಂಚದವರೆಗೆ ಹೋಗಿ ಬಂದಳು. ಬಂದವಳು ಬೈಯಲಿಲ್ಲ. ಕ್ಲಾಸಿನಲ್ಲಿ ನೋಡಿಕೊಳ್ಳುತ್ತೇನೆ ಅಂತ ಹಲ್ಲು ಕಚ್ಚಿಕೊಂಡಳು.

ಈ ಆಸ್ಪತ್ರೆಗೆ ಅವಳು ಕೇಳಿಕೊಂಡೇ ಬಂದಿದ್ದಳು. ಇಲಾಖೆಯವರು ಕಳಿಸಿದ ಕಡೆಗೆಲ್ಲ ಹೋಗುತ್ತಿದ್ದವಳು, ಕಿರಲವೆವವನ್ನು ಮಾತ್ರ ಬಾಯಿಬಿಟ್ಟು ಕೇಳಿದಳು. ಯಾಕೆ ಅಂತ ಮೇಲಿನವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹುಟ್ಟಿದ್ದು ಇಲ್ಲಿಗೆ ಹತ್ತಿರದಲ್ಲೇ, ಕಾಲುವೆ ನೀರು ನಂಬಿ ಸರ್ಕಾರ ಗದ್ದೆ ಹಂಚಿ ಜನರನ್ನು ಕೂರಿಸಿದ ಕಾಲನಿಯಲ್ಲಿ. ಅವಳಿಗಿಂತ ದೊಡ್ಡವಳು ಅಕ್ಕ ಕುಸುಮಲತಾ. ಅಕ್ಕ ಅಂದರೆ ಇರಾಂಗನಿಗೆ ಅರ್ಧ ಅಮ್ಮ. ತಲೆ ಬಾಚುವವಳು ಅಕ್ಕ, ಶಾಲೆಗೆ ಅನ್ನದ ಪೊಟ್ಟಣ ಕಟ್ಟುವವಳು ಅಕ್ಕ, ಕೆರೆಯಲ್ಲಿ ಈಜು ಕಲಿಸಿದವಳೂ ಅಕ್ಕ. ಮದುವೆಯಾಗಿ ಹೋದ ಮೇಲೆ ಅವಳ ನಗು ಕಡಿಮೆಯಾಯಿತು, ಆಮೇಲೆ ಮಾತು ಕಡಿಮೆಯಾಯಿತು, ಒಂದು ದಿನ ಔಷಧದ ಕೇಸಾಗಿ ಇದೇ ವಾರ್ಡಿಗೆ ಬಂದಳು.

ಬದುಕಿದಳು. ಡಾಕ್ಟರು ಕೈಬಿಡಲಿಲ್ಲ. ಆದರೆ ಮನೆಗೆ ಹೊರಡುವ ದಿನ ಅಲ್ಲೊಂದು ಪದ್ಧತಿ ಇತ್ತು. ಈಗಲೂ ಇದೆ. ಇಂಥ ಕೇಸು ಮನೆಗೆ ಹೋಗುವಾಗ ಮನೆಯವರು ಒಂದು ಕಟ್ಟು ವೀಳ್ಯದೆಲೆ ತರಬೇಕು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ವಾರ್ಡಿನ ಎಲ್ಲರ ಎದುರಿಗೆ, ಗಂಡನೋ ಅಪ್ಪನೋ ಅತ್ತೆಯೋ ಯಾರು ಕರೆದೊಯ್ಯಲು ಬಂದಿರುತ್ತಾರೋ ಅವರಿಗೆ ಕೊಟ್ಟು ಕಾಲಿಗೆ ಬೀಳಬೇಕು. ತಪ್ಪಾಯ್ತು, ಇನ್ನು ಮೇಲೆ ಇಂಥದ್ದು ಮಾಡೋದಿಲ್ಲ ಅನ್ನಬೇಕು. ಹೊಸ ವರ್ಷಕ್ಕೆ ದೊಡ್ಡವರಿಗೆ ಎಲೆ ಕೊಟ್ಟು ಬೀಳುವುದಿಲ್ಲವೇ, ಹಾಗೆಯೇ ಇದು ಅಂತ ಅವರ ಲೆಕ್ಕ. ನೋಡುವವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ, ನರ್ಸುಗಳಿಗೆ ಪುಣ್ಯದ ಕೆಲಸ ಮಾಡಿದ ಸಮಾಧಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ಲವೇ? ಹೊಡೆದವನು ನಿಂತಿರುತ್ತಾನೆ, ಹೊಡೆಸಿಕೊಂಡವಳು ಅಡ್ಡಬೀಳುತ್ತಾಳೆ!

ಅಕ್ಕ ತನ್ನ ಗಂಡನ ಕಾಲಿಗೆ ಬಿದ್ದದ್ದನ್ನು ಇರಾಂಗನಿ ಶಾಲೆಯ ಬಿಳಿ ಫ್ರಾಕಿನಲ್ಲಿ ಬಾಗಿಲ ಹತ್ತಿರ ನಿಂತು ನೋಡಿದಳು. ಅಳುತ್ತಿದ್ದ ಅವಳನ್ನು ಹತ್ತಿರ ಕರೆದು, ಗಲ್ಲ ಸವರಿ, ಬೆಲ್ಲದ ಚೂರು ಕೊಟ್ಟವಳು ವಾರ್ಡಿನ ನರ್ಸು ಪಿಯಸೀಲಿ. ಎಲೆಯ ಪದ್ಧತಿ ಹುಟ್ಟುಹಾಕಿದವಳೂ ಅವಳೇ. ಅಕ್ಕ ಗಂಡನ ಮನೆಗೆ ಹೋದಳು. ಅಲ್ಲಿ ಏನೂ ಬದಲಾಗಿರಲಿಲ್ಲ. ಒಂದು ಸಲ ತವರಿಗೆ ಬಂದಾಗ ತಂಗಿಯ ತಲೆ ಬಾಚುತ್ತ, “ಏನಾದ್ರೂ ಆಗ್ಲಿ ತಂಗೀ, ಆ ವಾರ್ಡಿಗೆ ಮಾತ್ರ ಇನ್ನೊಂದ್ಸಲ ಹೋಗಲ್ಲ ನಾನು,” ಅಂದಿದ್ದಳು. ಮಾತಿಗೆ ತಪ್ಪಲಿಲ್ಲ. ಎರಡನೆಯ ಸಲ ಯಾರನ್ನೂ ಕೂಗಲಿಲ್ಲ, ಯಾರಿಗೂ ತಿಳಿಸಲಿಲ್ಲ. ನೆರೆಯವರು ಟ್ರ್ಯಾಕ್ಟರು ತರುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಆವತ್ತಿನಿಂದ ಇರಾಂಗನಿ ಬೆಲ್ಲ ಬಾಯಿಗಿಟ್ಟಿಲ್ಲ. ನರ್ಸಿಂಗ್ ಓದಿದಳು, ಮನೋರೋಗ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದಳು, ಬಂದ ಗಂಡುಗಳನ್ನು ಬೇಡವೆಂದಳು, ಕೊನೆಗೆ ನರ್ಸುಗಳಿಗೆ ಪಾಠ ಹೇಳುವ ಕೆಲಸ ಹಿಡಿದಳು. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾರೆ. ಇರಲಿ ಬಿಡಿ. ಕೆಲವರ ಕೋಪಕ್ಕೆ ಊಟ ಹಾಕಿ ಸಾಕಿದವರು ಬೇರೆಯವರೇ ಇರುತ್ತಾರೆ.

ಕ್ಲಾಸು ನಡೆಯುತ್ತಿದ್ದದ್ದು ಆಸ್ಪತ್ರೆಯ ಅಡುಗೆಮನೆಯ ಮೇಲಿನ ಕೋಣೆಯಲ್ಲಿ. ಕೆಳಗಿನಿಂದ ಬೇಳೆ ಬೇಯುವ ವಾಸನೆ, ಮೇಲೆ ತಿರುಗದ ಫ್ಯಾನು. ಇರಾಂಗನಿ ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಕೋಣೆಯ ನಡುವೆ ಒಂದು ಸ್ಟೂಲು ಇಟ್ಟಳು.

“ಇದೇ ಮೊದಲ ಪಾಠ. ಕೂತ್ಕೊಳ್ಳೋದು,” ಅಂದಳು. “ನೀವು ಯಾರೂ ಪೇಷಂಟಿನ ಹತ್ರ ಕೂರಲ್ಲ. ನಿಂತ್ಕೊಂಡು ಮಾತಾಡ್ತೀರಿ. ನಿಂತೋರು ಹೇಳಿದ್ದೆಲ್ಲ ಬೈದ ಹಾಗೇ ಕೇಳ್ಸುತ್ತೆ.”

“ಸ್ಟೂಲು ಎಲ್ಲಿದೆ ಮೇಡಂ? ಇಡೀ ವಾರ್ಡಿಗೆ ಇರೋದು ಒಂದೇ, ಅದರ ಕಾಲು ಮುರಿದಿದೆ,” ಅಂದಳು ಹಸಂತಿ. ಎಲ್ಲರೂ ನಕ್ಕರು.

“ನಗಬೇಡಿ. ಅದು ನಗೋ ವಿಷಯ ಅಲ್ಲ. ತರಬೇತಿಗೆ ಸರ್ಟಿಫಿಕೇಟು ಅಚ್ಚು ಹಾಕಿಸಿ ಕಳಿಸಿದ್ದಾರೆ, ಒಂದು ಸ್ಟೂಲು ಕಳಿಸೋಕೆ ಇವರಿಗೇನು ಧಾಡಿ? ನಾನು ಬರೆದು ಕೇಳ್ತೀನಿ, ಬೈದು ಕೇಳ್ತೀನಿ. ಅಲ್ಲಿ ತನಕ ಅಡುಗೆಮನೆಯಿಂದ ತೆಂಗಿನಕಾಯಿ ತುರಿಯೋ ಮಣೆ ತಂದಾದ್ರೂ ಕೂತ್ಕೊಳ್ಳಿ.”

ಎರಡನೆಯ ಪಾಠ, ‘ಯಾಕೆ ಹೀಗೆ ಮಾಡ್ಕೊಂಡೆ’ ಅನ್ನಬಾರದು, ‘ಏನಾಯ್ತು’ ಅನ್ನಬೇಕು ಅನ್ನುವುದು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಅಪ್ಪ ಅಮ್ಮನ ಮುಖ ನೋಡಬಾರದಿತ್ತಾ, ಹಿಂದಿನ ಜನ್ಮದ ಪಾಪ, ನಿನಗಿಂತ ಕಷ್ಟದಲ್ಲಿರೋರಿಲ್ವಾ, ಈ ಮೂರೂ ಮಾತು ವಾರ್ಡಿನಲ್ಲಿ ಕಿವಿಗೆ ಬಿದ್ದರೆ ತಾನು ಏನು ಮಾಡುತ್ತೇನೆ ಅಂತ ತನಗೇ ಗೊತ್ತಿಲ್ಲ ಎಂದಳು. ಆಮೇಲೆ, ಇನ್ನೂ ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಬೇಕು ಅಂದಾಗ ಕೋಣೆ ಗುಜುಗುಜು ಅಂದಿತು.

“ಅಯ್ಯೋ ಮೇಡಂ! ಕೇಳಿದ್ರೆ ನಾವೇ ನೆನಪು ಮಾಡಿಕೊಟ್ಟ ಹಾಗಾಗಲ್ವಾ?”

“ಹಸಿದೋರನ್ನ ಊಟ ಆಯ್ತಾ ಅಂತ ಕೇಳಿದ್ರೆ ಹೊಸದಾಗಿ ಹಸಿವು ಹುಟ್ಟುತ್ತಾ? ಇರೋ ಹಸಿವು ಗೊತ್ತಾಗುತ್ತೆ ಅಷ್ಟೆ. ಕೇಳೋಕೆ ಒಬ್ಬರಿದ್ದಾರೆ ಅಂತ ಅವಳಿಗೂ ಗೊತ್ತಾಗುತ್ತೆ.”

ಹಿಂದಿನ ಬೆಂಚಿನಲ್ಲಿ ಪಿಯಸೀಲಿ ಕೂತಿದ್ದಳು. ಈಗ ವಾರ್ಡಿನ ಮೇಲ್ವಿಚಾರಕಿ, ತಲೆ ಬೆಳ್ಳಗಾಗಿತ್ತು, ಮಂಡಿನೋವಿನಿಂದ ಓಲಾಡುತ್ತ ನಡೆಯುತ್ತಿದ್ದಳು. ಬಡ ಪೇಷಂಟುಗಳಿಗೆ ಮನೆಯಿಂದ ಗಂಜಿ ತರುತ್ತಾಳೆ, ಯಾರ ಮೇಲೂ ಕೈ ಎತ್ತಿದವಳಲ್ಲ. ಅದೇ ಇರಾಂಗನಿಗೆ ಇನ್ನೂ ಉರಿ. ಕೆಟ್ಟವಳಾಗಿದ್ದರೆ ಒಂದೇ ಮಾತಿನಲ್ಲಿ ಹರಿದುಹಾಕಬಹುದಿತ್ತು.

“ಎಲ್ಲ ಸರಿ ಮಗಳೇ, ಕಲಿಸು, ಒಳ್ಳೇದೇ,” ಅಂದಳು ಪಿಯಸೀಲಿ, ಕ್ಲಾಸು ಮುಗಿದ ಮೇಲೆ. “ನಮ್ಮ ಎಲೆ ಪದ್ಧತಿ ತಂಟೆಗೆ ಮಾತ್ರ ಬರಬೇಡ. ಮನೆ ಮುರಿದು ಬಂದೋರನ್ನ ಮನೆಗೆ ಸೇರಿಸಿ ಕಳಿಸ್ತೀನಿ ನಾನು. ನನ್ನ ಕೈಲಿ ಎಲೆ ಹಿಡಿದು ಹೋದೋಳು ಒಬ್ಬಳೂ ಈ ಬಾಗಿಲಿಗೆ ಮತ್ತೆ ಬಂದಿಲ್ಲ.”

ಹೌದು, ಬಂದಿಲ್ಲ! ಅಂದುಕೊಂಡಳು ಇರಾಂಗನಿ. ಪಿಯಸೀಲಿ ಕಪ್ಪು ಚಹಾದ ಲೋಟವನ್ನೂ ಅಂಗೈಯಲ್ಲಿ ಬೆಲ್ಲದ ಚೂರನ್ನೂ ಚಾಚಿದಳು. ಇರಾಂಗನಿ ಲೋಟ ತೆಗೆದುಕೊಂಡಳು, ಬೆಲ್ಲ ಬಿಟ್ಟಳು.

ಸೆವ್ವಂದಿ ಚೇತರಿಸಿಕೊಂಡಳು. ಎದ್ದು ಕೂರುತ್ತಿದ್ದಳು, ಗಂಜಿ ಕುಡಿಯುತ್ತಿದ್ದಳು, ಮಾತು ಮಾತ್ರ ಇಲ್ಲ. ಅವಳ ಅಮ್ಮ ಕುವೈತಿನಲ್ಲಿ ಮನೆಗೆಲಸಕ್ಕಿದ್ದಾಳೆ, ಇವಳು ಇರುವುದು ಚಿಕ್ಕಮ್ಮನ ಮನೆಯಲ್ಲಿ, ನೋಡಲು ಬರುವವನು ಚಿಕ್ಕಪ್ಪ ವಿಜೇಪಾಲ. ಇಷ್ಟು ಮಾತ್ರ ವಾರ್ಡಿಗೆ ಗೊತ್ತಿತ್ತು. ಡಾಕ್ಟರು ಮನೆಗೆ ಹೋಗಬಹುದು ಅಂದ ದಿನ ಪಿಯಸೀಲಿ, “ಸಂಜೆ ಬರುವಾಗ ಒಳ್ಳೆ ಎಲೆ ತನ್ನಿ” ಎಂದು ಚಿಕ್ಕಪ್ಪನಿಗೆ ಹೇಳಿಕಳಿಸಿದಳು.

ಆ ಮಧ್ಯಾಹ್ನ ಹಸಂತಿ ಕ್ಲಾಸಿನ ಕೋಣೆಗೆ ಏದುಸಿರು ಬಿಡುತ್ತ ಓಡಿಬಂದಳು. ಟೊಪ್ಪಿ ವಾರೆಯಾಗಿತ್ತು.

“ಮೇಡಂ, ನೀವು ಹೇಳಿದ್ರಲ್ಲ ಅಂತ ಸುಮ್ನೆ ನೋಡೋಣ ಅಂದ್ಕೊಂಡು ಆ ತುರಿಯೋ ಮಣೆ ತಗೊಂಡು ಹೋಗಿ ಅವಳ ಹತ್ರ ಕೂತೆ. ಮಣೆ ಮೇಲೆ ಕೂತಿದ್ದು ನೋಡಿ ಅವಳಿಗೆ ನಗು ಬಂತು. ಏನಾಯ್ತು ಅಂತ ಕೇಳ್ದೆ. ಆಮೇಲೆ ಬಾಯಿ ಮುಚ್ಕೊಂಡೆ, ಎಷ್ಟು ಕಷ್ಟ ಗೊತ್ತಾ ನನಗೆ!” ಹಸಂತಿ ಅಂಗೈಯಿಂದ ಮೂಗು ಒರೆಸಿಕೊಂಡಳು. “ಆ ಕೂದಲು ಅವಳ ಚಿಕ್ಕಪ್ಪ ಕತ್ತರಿಸಿದ್ದಂತೆ. ಬಸ್ ಸ್ಟ್ಯಾಂಡಲ್ಲಿ ಯಾವನೋ ಹುಡುಗನ ಜೊತೆ ಮಾತಾಡಿದ್ಲಂತೆ, ಅಷ್ಟಕ್ಕೇ. ಅಂಗಳದಲ್ಲಿ ಕೂರಿಸಿ, ನೆರೆಯೋರನ್ನೆಲ್ಲ ಕರೆದು ಎಲ್ಲರೂ ನೋಡ್ತಾ ಇದ್ದ ಹಾಗೆ ಕತ್ತರಿಸಿದಾನೆ. ನಾನು ಕತ್ತೆ ಮೇಯ್ದ ಹಾಗಿದೆ ಅಂದ್ನಲ್ಲ ಮೇಡಂ!”

“ಆಮೇಲೆ ಅಳುವಿಯಂತೆ,” ಅಂದಳು ಇರಾಂಗನಿ. “ಸಾಯಬೇಕು ಅನ್ಸುತ್ತಾ ಅಂತ ಕೇಳಿದ್ಯಾ?”

“ಕೇಳ್ದೆ. ‘ಅವನ ಕಾಲಿಗೆ ಬೀಳಿಸ್ತೀರಲ್ಲ, ಬೀಳ್ತೀನಿ ಮಿಸ್ಸಿ. ಮುಂದಿನ ಸಲ ನಿಮಗ್ಯಾರಿಗೂ ತೊಂದ್ರೆ ಕೊಡಲ್ಲ’ ಅಂದ್ಲು.”

ಇರಾಂಗನಿಯ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಯಿತು. ಆ ಮಾತು ಅವಳಿಗೆ ಹೊಸದಲ್ಲ. ಬೇರೆ ಬಾಯಿಂದ ಕೇಳಿದ್ದಳು, ತಲೆ ಬಾಚಿಸಿಕೊಳ್ಳುತ್ತ ಕೇಳಿದ್ದಳು.

“ನನಗೆ ಹೇಳಬಹುದು ಅಂದ್ಲಾ?”

“ನಿಮಗೊಬ್ಬರಿಗೇ ಹೇಳ್ತೀನಿ ಅಂತ ಕೇಳ್ಕೊಂಡೆ. ಡಾಕ್ಟರಿಗೂ ಹೇಳಬೇಕಾಗಬಹುದು ಅಂದೆ. ಹೂಂ ಅಂದ್ಲು. ವಾರ್ಡಲ್ಲಿ ಮಾತ್ರ ಯಾರಿಗೂ ಬೇಡ ಮಿಸ್ಸಿ ಅಂತ ಕೈ ಹಿಡ್ಕೊಂಡ್ಲು.”

ಇರಾಂಗನಿ ಡಾಕ್ಟರನ್ನು ಹುಡುಕಿಕೊಂಡು ಹೊರರೋಗಿಗಳ ವಿಭಾಗಕ್ಕೆ ಹೋದಳು. ಆ ಹುಡುಗ ಡಾಕ್ಟರು ಮೊದಲು, “ದೇಹ ಸರಿಯಾಗಿದೆಯಲ್ಲ ಸಿಸ್ಟರ್,” ಎಂದು ರಾಗ ಎಳೆದ. ಇವಳು ಕನ್ನಡಕ ತೆಗೆಯುವ ಹೊತ್ತಿಗೆ ದಾರಿಗೆ ಬಂದ. ಮನೋವೈದ್ಯರು ಬಂದು ನೋಡುವವರೆಗೆ ಹುಡುಗಿ ವಾರ್ಡಿನಲ್ಲೇ ಇರಲಿ, ಅವಳು ಹೇಳದ ಹೊರತು ಯಾರ ಜೊತೆಗೂ ಕಳಿಸಬೇಡಿ ಅಂದ. ಅಷ್ಟು ಹೇಳಿಸಿಕೊಂಡು ವಾಪಸು ಬರುವಷ್ಟರಲ್ಲಿ ಪೇಷಂಟುಗಳನ್ನು ನೋಡಲು ಮನೆಯವರು ಬರುವ ಹೊತ್ತಾಗಿತ್ತು.

ವಿಜೇಪಾಲ ಬಂದಾಗಿತ್ತು. ದೇವಸ್ಥಾನಕ್ಕೆ ಹೊರಟವನ ಹಾಗೆ ಲುಂಗಿಯಂತೆ ಸುತ್ತಿದ ಬಿಳಿ ಸರೋಂಗು, ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ತನ್ನ ಕೂದಲಿನ ಮೇಲೆ ಎಷ್ಟು ಅಕ್ಕರೆ ನೋಡಿ! ಚಾಪೆಗಳ ಮೇಲಿದ್ದ ಹೆಂಗಸರು ಎದ್ದು ಕೂತಿದ್ದರು, ನೋಡಲು ಬಂದವರೂ ಸುತ್ತ ನೆರೆದಿದ್ದರು. ಸೆವ್ವಂದಿಯ ಎರಡು ಕೈಯಲ್ಲಿ ಎಲೆಯ ಕಟ್ಟು. ಅವಳ ಬೆನ್ನ ಮೇಲೆ ಪಿಯಸೀಲಿಯ ಕೈ.

“ಮಕ್ಕಳಲ್ವಾ ಸಿಸ್ಟರ್, ತಪ್ಪು ಮಾಡ್ತವೆ,” ಅನ್ನುತ್ತಿದ್ದ ವಿಜೇಪಾಲ, ಕಾಲು ಜೋಡಿಸಿಕೊಂಡು ನಿಂತು. “ದೊಡ್ಡೋರು ನಾವೇ ಕ್ಷಮಿಸಬೇಕು.”

“ಬೀಳು ಮಗಳೇ,” ಅಂದಳು ಪಿಯಸೀಲಿ ಮೆತ್ತಗೆ.

ಇರಾಂಗನಿಯ ಮೈಯೆಲ್ಲ ಉರಿಯಿತು. ಕನ್ನಡಕ ಕೈಗೆ ಬಂತು. ಕ್ಷಮಿಸುತ್ತಾನಂತೆ ಬೇವರ್ಸಿ! ಕತ್ತರಿ ಹಿಡಿದ ಕೈ ಯಾವುದು ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಅರಚಬೇಕು, ಅವನ ಬಿಳಿ ಅಂಗಿಯ ಕೊರಳಪಟ್ಟಿ ಹಿಡಿದು ಆ ಹೆಂಗಸರ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಮಾತು ನಾಲಿಗೆಯ ಮೇಲಿತ್ತು. ಆದರೆ ಅಷ್ಟರಲ್ಲಿ ಹುಡುಗಿ ತಲೆಯೆತ್ತಿ ಇತ್ತ ತಿರುಗಿದಂತಾಯಿತು. ಮುಖ ಮಸುಕಾಗಿತ್ತು. ಇರಾಂಗನಿ ಕನ್ನಡಕ ಮತ್ತೆ ಹಾಕಿಕೊಂಡಳು. ಹುಡುಗಿಯ ಕಣ್ಣಲ್ಲಿದ್ದ ಹೆದರಿಕೆ ಚಿಕ್ಕಪ್ಪನದಲ್ಲ. ಈ ಮೇಡಂ ಎಲ್ಲರ ಮುಂದೆ ಹೇಳಿಬಿಡುತ್ತಾಳೆ ಅನ್ನುವ ಹೆದರಿಕೆ. ಅಂಗಳದಲ್ಲಿ ಒಮ್ಮೆ ಎಲ್ಲರೂ ನೋಡಿದ್ದರು. ಈಗ ಇಲ್ಲಿ ಇನ್ನೊಮ್ಮೆ ನೋಡಬೇಕೇ?

ಸಿಟ್ಟನ್ನು ನುಂಗುವುದು ಎಂಥ ಕಹಿ ಅಂತ ನುಂಗಿದವರಿಗೇ ಗೊತ್ತು. ಇರಾಂಗನಿ ನುಂಗಿದಳು.

“ಸಿಸ್ಟರ್, ಇವಳು ಇವತ್ತು ಮನೆಗೆ ಹೋಗಲ್ಲ. ಡಾಕ್ಟರು ತಡೆದಿದ್ದಾರೆ,” ಅಂದಳು. ಹುಡುಗಿಯ ಕೈಯಿಂದ ಎಲೆಯ ಕಟ್ಟು ತೆಗೆದು ವಿಜೇಪಾಲನಿಗೆ ಚಾಚಿದಳು. “ತಗೊಳ್ಳಿ. ಹೊರಡಿ.”

“ನೀನ್ಯಾವಳು ಹೇಳೋಕೆ? ನಮ್ಮನೆ ಹುಡುಗಿ, ಕರ್ಕೊಂಡು ಹೋಗೋಕೆ ನಿನ್ನ ಅಪ್ಪಣೆ ಬೇಕಾ?”

“ಈ ಮಂಚದ ಮೇಲಿರೋ ತನಕ ನಮ್ಮ ಪೇಷಂಟು. ಗುಣಪಾಲ, ಈ ದೊಡ್ಡ ಮನುಷ್ಯರಿಗೆ ಗೇಟು ತೋರ್ಸು. ಕೂಗಿಕೊಂಡು ತೋರ್ಸಬೇಕಾಗಿಲ್ಲ, ಸುಮ್ನೆ ತೋರ್ಸು.”

ವಿಜೇಪಾಲ ಎಲೆಯ ಕಟ್ಟನ್ನು ನೆಲಕ್ಕೆ ಬೀಸಾಡಿ ಹೋದ. ಎಲೆಗೆ ಕಾಲು ತಾಗಬಾರದೆಂದು ಹೆಂಗಸರೆಲ್ಲ ಪಾದ ಹಿಂದಕ್ಕೆ ಎಳೆದುಕೊಂಡರು. ಹಸಂತಿ ಒಂದೊಂದನ್ನೇ ಆರಿಸಿದಳು.

ನರ್ಸುಗಳ ಕೋಣೆಯಲ್ಲಿ ಪಿಯಸೀಲಿ ಅಳುತ್ತಿದ್ದಳು. “ಇಷ್ಟು ವರ್ಷ ಬೆವರು ಸುರಿಸಿದ ವಾರ್ಡಲ್ಲಿ, ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದೆ ನೀನು.”

“ಎಲ್ಲರ ಮುಂದೆ ಮರ್ಯಾದೆ ಹೋದ್ರೆ ಹೇಗಿರುತ್ತೆ ಅಂತ ಗೊತ್ತಾಯ್ತಲ್ಲ ಸಿಸ್ಟರ್. ನಿಮಗೆ ಒಂದೇ ದಿನ. ನೀವು ಎಷ್ಟು ಹುಡುಗೀರಿಗೆ ಮಾಡಿದ್ದೀರಿ?”

“ನಾನು ಮನೆ ಸೇರಿಸಿ ಕಳಿಸಿದೀನಿ! ಒಬ್ಬಳೂ ಮತ್ತೆ...”

“ಬಂದಿಲ್ಲ. ಕುಸುಮಲತಾ ಕೂಡ ಬರ್ಲಿಲ್ಲ. ಕಾಲನಿ ಹುಡುಗಿ, ಇಷ್ಟು ಉದ್ದ ಜಡೆ. ಗಂಡನ ಕಾಲಿಗೆ ಬೀಳಿಸಿದ್ರಿ. ಬಾಗಿಲಲ್ಲಿ ನಿಂತು ಅಳ್ತಿದ್ದ ಅವಳ ತಂಗಿಗೆ ಬೆಲ್ಲ ಕೊಟ್ರಿ. ಆ ವಾರ್ಡಿಗೆ ಇನ್ನೊಂದ್ಸಲ ಹೋಗಲ್ಲ ಅಂದಿದ್ಲು ನನ್ನ ಹತ್ರ. ಅದಕ್ಕೇ ಎರಡನೇ ಸಲ ಯಾರನ್ನೂ ಕೂಗ್ಲಿಲ್ಲ. ಕೂಗಿದ್ರೆ ನೀವು ಉಳಿಸ್ತಿದ್ರಿ ಸಿಸ್ಟರ್, ನಿಮ್ಮ ಕೈ ಒಳ್ಳೇದೇ. ಉಳಿಸಿ ಮತ್ತೆ ಅದೇ ಕಾಲಿಗೆ ಬೀಳಿಸ್ತಿದ್ರಿ.”

ಪಿಯಸೀಲಿಯ ಕೈ ಬೆಲ್ಲದ ಡಬ್ಬಿಯ ಮೇಲಿತ್ತು. ಅವಳಿಗೆ ಕುಸುಮಲತಾ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ಹೆಣಗಾಡಿದಳು. ಕಾಲಿಗೆ ಬಿದ್ದವರ ಬೆನ್ನುಗಳು ಕಂಡಿರಬೇಕು, ಒಂದು ಮುಖವೂ ಸಿಕ್ಕಿರಲಿಕ್ಕಿಲ್ಲ. “ಬಂದಿಲ್ಲ ಅಂದ್ರೆ ಚೆನ್ನಾಗಿದ್ದಾರೆ ಅಂದ್ಕೊಂಡಿದ್ದೆ,” ಅಂದಳು. ಇರಾಂಗನಿ ಸಮಾಧಾನ ಹೇಳಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ, ಇವತ್ತಿಗೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪಿಯಸೀಲಿ ಎದ್ದು ಹೊರಗೆ ಹೋದಳು. ಸೆವ್ವಂದಿಯ ಮಂಚದ ಪಕ್ಕದಲ್ಲಿ ತುರಿಯುವ ಮಣೆ ಹಾಗೇ ಇತ್ತು. ಮಂಡಿ ಹಿಡಿದುಕೊಂಡು, ನರಳುತ್ತ, ಅದರ ಮೇಲೆ ಕೂರಲು ಹೋದಳು. ಅವಳು ಬಂದದ್ದೇ ಹುಡುಗಿ ಧಡಕ್ಕನೆ ಮಂಚ ಇಳಿದು, ಸಿಮೆಂಟಿನ ನೆಲಕ್ಕೆ ಮೊಣಕಾಲೂರಿ, ಕೈ ಜೋಡಿಸಿದಳು.

“ಈಗ ಯಾರ ಕಾಲಿಗೆ ಬೀಳಬೇಕು ಸಿಸ್ಟರ್?”

ವಾರ್ಡೆಲ್ಲ ನೋಡುತ್ತಿತ್ತು.

“ಕೇಳ್ತಿದ್ದಾಳಲ್ಲ, ಹೇಳಿ!” ಅಂದಳು ಇರಾಂಗನಿ ಬಾಗಿಲಿಂದ.

“ಯಾರ ಕಾಲಿಗೂ ಬೇಡ,” ಅಂದಳು ಪಿಯಸೀಲಿ ಕೊನೆಗೆ. “ಏಳು, ಮೇಲೆ ಕೂತ್ಕೋ. ನಾನು ಕೆಳಗಿರ್ತೀನಿ. ನಾವು ನಿನಗೆ ಏನು ಮಾಡ್ಬೇಕು ಹೇಳು ಮಗಳೇ.”

ಹುಡುಗಿ ನಂಬಲಿಲ್ಲ. ಯಾಕೆ ನಂಬಬೇಕು? ಬಾಗಿಲ ಕಡೆ ನೋಡಿದಳು, ಕಿಟಕಿ ಕಡೆ ನೋಡಿದಳು, ಚಿಕ್ಕಪ್ಪ ನಿಜವಾಗಿ ಹೋಗಿದ್ದಾನಾ ಅಂತ. ಪಿಯಸೀಲಿ ಈ ಸಲ ಬಾಯಿ ಮುಚ್ಚಿಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಹುಡುಗಿ, ತನ್ನ ಬೋಳು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, “ನನ್ನನ್ನ ಅಜ್ಜಿ ಮನೆಗೆ ಕಳಿಸ್ತೀರಾ?” ಅಂದಳು.

ಅವಳಿಗೊಬ್ಬಳು ಅಜ್ಜಿ ಇದ್ದಾಳೆ ಅಂತ ಆ ವಾರ್ಡಿನಲ್ಲಿ ಅದುವರೆಗೂ ಯಾರಿಗೂ ಗೊತ್ತಿರಲಿಲ್ಲ.